ಬ್ರಿಟನ್ನಿನಲ್ಲಿ ‘ಕ್ವಾಂಗೊಕ್ರಸಿ’ ಅಂತ ಎಲ್ಲರೂ ಬೈಯುತ್ತಾರೆ, ಹಾಗಾದರೆ ಅದನ್ನು ಸಾಕುವವರು ಯಾರು?

ಪ್ರಶ್ನೆ

ಬ್ರಿಟನ್ ರಾಜಕೀಯದ ಸುದ್ದಿ ಓದುವಾಗ ‘ಕ್ವಾಂಗೊ’ ಅನ್ನುವುದು ಪದೇ ಪದೇ ಕಣ್ಣಿಗೆ ಬೀಳುತ್ತದೆ. ಸರ್ಕಾರದ ದುಡ್ಡಿನಲ್ಲಿ ನಡೆಯುವ, ಆದರೆ ಮಂತ್ರಿಗಳ ನೇರ ಹಿಡಿತದಿಂದ ಸ್ವಲ್ಪ ದೂರ ಇಟ್ಟ ಸಂಸ್ಥೆ ಅಂತ ತಿಳಿಯಿತು. ನಡೆಸುವವರನ್ನು ಯಾರೂ ಚುನಾಯಿಸಿರುವುದಿಲ್ಲ. ಇವರ ಆಳ್ವಿಕೆಗೇ ‘ಕ್ವಾಂಗೊಕ್ರಸಿ’ ಅನ್ನುತ್ತಾರಂತೆ. 2010ರಲ್ಲಿ ಕನ್ಸರ್ವೇಟಿವ್ ನೇತೃತ್ವದ ಸರ್ಕಾರ ಇವುಗಳಿಗೆ ಬೆಂಕಿ ಹಚ್ಚುತ್ತೇವೆ ಅಂದಿತು. 2025ರ ಮಾರ್ಚಿನಲ್ಲಿ ಲೇಬರ್ ಸರ್ಕಾರ, ಸಾರ್ವಜನಿಕ ಆರೋಗ್ಯ ಸೇವೆ ನೋಡಿಕೊಳ್ಳುವ ಇಂಥದೇ ಸಂಸ್ಥೆಯಾದ ಎನ್‌ಎಚ್‌ಎಸ್ ಇಂಗ್ಲೆಂಡನ್ನು ಮುಚ್ಚುತ್ತೇವೆ ಅಂದಿತು. ಇಬ್ಬರೂ ಬೈಯುವುದಾದರೆ ಇವು ಇನ್ನೂ ಉಳಿದಿರುವುದು ಹೇಗೆ?

ಉತ್ತರ 1

ವಿರೋಧ ಪಕ್ಷದಲ್ಲಿದ್ದಾಗ ಬೈಯುತ್ತಾರೆ, ಅಧಿಕಾರಕ್ಕೆ ಬಂದಾಗ ತಮ್ಮವರನ್ನು ತುಂಬುತ್ತಾರೆ. ಅಷ್ಟೇ ಅಂದುಬಿಡಬಹುದು. ಆದರೆ ಈ ಬೈಗುಳಕ್ಕೆ ನಿಜವಾದ ಖಾರ ಬಂದದ್ದು ವೇಲ್ಸಿನಲ್ಲಿ, ಅದನ್ನು ಹೇಳುತ್ತೇನೆ.

ನಾನು ಕಾರ್ಡಿಫ್‌ಗೆ ಬಂದಾಗ ಜಾನ್ ರೆಡ್‌ವುಡ್ ಲಂಡನ್ ಸರ್ಕಾರದ ವೇಲ್ಸ್ ಮಂತ್ರಿ, ಕನ್ಸರ್ವೇಟಿವ್ ಪಕ್ಷದವರು. ಅವರು ಸಂಸದರಾಗಿದ್ದದ್ದು ಇಂಗ್ಲೆಂಡಿನ ವೋಕಿಂಗ್‌ಹ್ಯಾಮ್‌ನಿಂದ. (ವೆಲ್ಷ್ ನಾಡಗೀತೆಗೆ ಸುಮ್ನೆ ಬಾಯಾಡಿಸಿದ ಅವರ ವಿಡಿಯೊ ನೋಡಿರಬಹುದು. ಇಲ್ಲಿನವರು ಅದನ್ನು ಇವತ್ತಿಗೂ ಬಿಟ್ಟಿಲ್ಲ.) 1987ರಿಂದ 1997ರವರೆಗೆ ಆ ಕುರ್ಚಿಯಲ್ಲಿ ಕೂತ ಯಾರಿಗೂ ವೇಲ್ಸಿನಲ್ಲಿ ಕ್ಷೇತ್ರವೇ ಇರಲಿಲ್ಲ. 1992ರ ಚುನಾವಣೆಯಲ್ಲಿ ವೇಲ್ಸಿನ 38 ಸ್ಥಾನಗಳಲ್ಲಿ ಕನ್ಸರ್ವೇಟಿವ್‌ಗಳಿಗೆ ಸಿಕ್ಕಿದ್ದು 6, ಲೇಬರ್‌ಗೆ 27. ಆದರೂ ಇಲ್ಲಿನ ಮಂಡಳಿಗಳಿಗೆ ಅಧ್ಯಕ್ಷರನ್ನು, ಸದಸ್ಯರನ್ನು ನೇಮಿಸುತ್ತಿದ್ದದ್ದು ಅದೇ ಮಂತ್ರಿ. ಜನ ಒಂದು ಕಡೆ ವೋಟು ಹಾಕುವುದು, ಕುರ್ಚಿ ಇನ್ನೊಂದು ಕಡೆಯವರಿಗೆ ಹೋಗುವುದು. ಹೊಟ್ಟೆ ಉರಿಯದೆ ಇರುತ್ತಾ?

ಕೆಲಸ ಕೆಟ್ಟದಾಗಿತ್ತು ಅಂತಲ್ಲ. ವೆಲ್ಷ್ ಡೆವಲಪ್‌ಮೆಂಟ್ ಏಜೆನ್ಸಿ ಹಳೆಯ ಗಣಿಗಳ ಪಾಳುಬಿದ್ದ ಜಾಗವನ್ನು ಹಸನು ಮಾಡಿತು, ಹೊರಗಿನ ಕಂಪನಿಗಳನ್ನು ಕರೆತಂದಿತು. ಸಿಟ್ಟು ಇದ್ದದ್ದು ‘ಇವರನ್ನು ಇಳಿಸುವುದು ಹೇಗೆ’ ಅನ್ನುವುದಕ್ಕೆ ಉತ್ತರವೇ ಇಲ್ಲದ್ದಕ್ಕೆ. 1997ರ ಸೆಪ್ಟೆಂಬರ್ 18ರಂದು ವೇಲ್ಸಿಗೆ ಸ್ವಂತ ಶಾಸನಸಭೆ ಬೇಕೇ ಅಂತ ಜನಮತ ಕೇಳಿದರು. ಕಾಮನ್‌ವೆಲ್ತ್ ಪ್ರಜೆಗಳಿಗೂ ಮತ ಇತ್ತು, ನಾನೂ ಹಾಕಿ ಬಂದೆ. ಗೆದ್ದದ್ದು ಬರೀ 6,721 ಮತಗಳ ಅಂತರದಿಂದ! 1979ರಲ್ಲಿ ಇದೇ ಪ್ರಶ್ನೆಗೆ ಐದರಲ್ಲಿ ನಾಲ್ಕು ಪಾಲು ಜನ ಬೇಡ ಅಂದಿದ್ದರು. ನಡುವೆ ಜನ ಮನಸ್ಸು ಬದಲಿಸಿದ್ದಕ್ಕೆ ಈ ನೇಮಕದ ರಾಜಕೀಯವೂ ಒಂದು ಕಾರಣ.

ಆಮೇಲೆ 2006ರಲ್ಲಿ ಆ ಏಜೆನ್ಸಿಯನ್ನು ವೇಲ್ಸ್ ಸರ್ಕಾರದೊಳಗೇ ಸೇರಿಸಿಬಿಟ್ಟರು. ಹೊರಗಿನ ಕಂಪನಿಗಳಿಗೆ ಗೊತ್ತಿದ್ದ ಒಳ್ಳೆಯ ಹೆಸರನ್ನು ಕೈಯಾರೆ ಹಾಳು ಮಾಡಿದರು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಉತ್ತರ 2

ಒಂದು ತಕರಾರು. ಚುನಾಯಿತರಲ್ಲ ಅಂದಕೂಡಲೇ ಕೆಟ್ಟದ್ದೇ? 1997ಕ್ಕೆ ಮುಂಚೆ ಬ್ರಿಟನ್ನಿನಲ್ಲಿ ಬಡ್ಡಿ ದರದ ಕೊನೆಯ ಮಾತು ಹಣಕಾಸು ಮಂತ್ರಿಯದು. ಈಗ ಬ್ಯಾಂಕ್ ಆಫ್ ಇಂಗ್ಲೆಂಡಿನ 9 ಮಂದಿಯ ಸಮಿತಿ ನಿರ್ಧರಿಸುತ್ತದೆ. ಚುನಾವಣೆ ಬಂತು ಅಂತ ದರ ಇಳಿಸುವ ಆಸೆಗೆ ಕಡಿವಾಣ ಬಿತ್ತು, ಒಳ್ಳೆಯದೇ ಅಲ್ವಾ? 2022ರ ಸೆಪ್ಟೆಂಬರಿನಲ್ಲಿ ಲಿಜ್ ಟ್ರಸ್ ಸರ್ಕಾರ ಸ್ವತಂತ್ರ ಬಜೆಟ್ ಕಚೇರಿಯ ಮುನ್ನಂದಾಜು ಪ್ರಕಟಿಸದೆಯೇ ಮಿನಿ ಬಜೆಟ್ ತಂದಿತು. ಪೌಂಡ್ ಕುಸಿಯಿತು, ಮುಂದಿನ ತಿಂಗಳೇ ಟ್ರಸ್ ರಾಜೀನಾಮೆ.

ಉತ್ತರ 3

ಮಂತ್ರಿಗಳಿಗೆ ಇವು ಬೇಕಾಗುವುದು ಬೈಗುಳ ತಡೆಯಲು. 2020ರಲ್ಲಿ ಕೋವಿಡ್‌ನಿಂದ ಪರೀಕ್ಷೆ ರದ್ದಾಗಿ, ಇಂಗ್ಲೆಂಡಿನಲ್ಲಿ ಶಾಲೆಯ ಕೊನೆಯ ಪರೀಕ್ಷೆಯಾದ ಎ-ಲೆವೆಲ್ ಗ್ರೇಡುಗಳನ್ನು ಪರೀಕ್ಷೆಗಳ ನಿಯಂತ್ರಕ ಸಂಸ್ಥೆ ಆಫ್‌ಕ್ವಾಲ್‌ನ ಲೆಕ್ಕಾಚಾರದ ಮೇಲೆ ಕೊಟ್ಟರು. ಶಿಕ್ಷಕರು ಅಂದಾಜಿಸಿದ್ದ ಗ್ರೇಡುಗಳಲ್ಲಿ ಸುಮಾರು 40% ಇಳಿದವು. ಮಕ್ಕಳು ಬೀದಿಗಿಳಿದರು, ಕೆಲವೇ ದಿನಗಳಲ್ಲಿ ಎಲ್ಲ ವಾಪಸ್. ಆಫ್‌ಕ್ವಾಲ್ ಮುಖ್ಯಸ್ಥೆ ಅದೇ ಆಗಸ್ಟ್‌ನಲ್ಲಿ ಹುದ್ದೆ ಬಿಟ್ಟರು. ಶಿಕ್ಷಣ ಮಂತ್ರಿ ಮುಂದಿನ ವರ್ಷದ ಸೆಪ್ಟೆಂಬರ್‌ವರೆಗೂ ಕುರ್ಚಿಯಲ್ಲಿದ್ದರು.

ಉತ್ತರ 1ರವರು ಮತ್ತೆ

ಬಡ್ಡಿ ದರದ ಮಾತು ಒಪ್ಪಿದೆ. ನನ್ನ ಜಗಳ ಸಂಸ್ಥೆ ಇರುವುದರ ಮೇಲಲ್ಲ, ನೇಮಕದ ಮೇಲೆ. 1995ರಲ್ಲಿ ಸಾರ್ವಜನಿಕ ಹುದ್ದೆಯವರ ನಡತೆ ಪರಿಶೀಲಿಸಿದ ನೋಲನ್ ಸಮಿತಿ ಹೇಳಿದ ಮೇಲೆ ನೇಮಕಗಳ ಮೇಲೆ ಕಣ್ಣಿಡಲು ಒಬ್ಬ ಆಯುಕ್ತರು ಬಂದರು. ಈಗ ಜಾಹೀರಾತು ಕೊಡುತ್ತಾರೆ, ಸಂದರ್ಶನ ಇರುತ್ತದೆ, ಕಳೆದ 5 ವರ್ಷದಲ್ಲಿ ಯಾವ ಪಕ್ಷಕ್ಕೆ ಏನು ಕೆಲಸ ಮಾಡಿದ್ದೀರಿ ಅಂತಲೂ ಕೇಳುತ್ತಾರೆ. ಮೊದಲಿಗಿಂತ ಎಷ್ಟೋ ವಾಸಿ. ಆದರೆ ಸಂದರ್ಶನ ದಾಟಿದವರ ಪಟ್ಟಿ ಕೊನೆಗೆ ಹೋಗುವುದು ಮಂತ್ರಿಯ ಮೇಜಿಗೇ, ಅದರಲ್ಲಿ ಯಾರು ಅನ್ನುವುದು ಅವರಿಷ್ಟ.