ಆಂಫೊಟೆರಿಸಿನ್ ಒಂದೇ, ಬೆಲೆ ಎರಡು: ಲೈಪೊಸೋಮಿನಲ್ಲಿ ಅಂಥದ್ದೇನಿದೆ?

ಪ್ರಶ್ನೆ – ಗದಗದ ಔಷಧ ವ್ಯಾಪಾರಿ

ಗದಗಿನಲ್ಲಿ ನಮ್ಮದೊಂದು ಔಷಧ ಅಂಗಡಿಯಿದೆ. 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದಾಗ ಲೈಪೊಸೋಮಲ್ ಆಂಫೊಟೆರಿಸಿನ್-ಬಿ ಎಂಬ ಶಿಲೀಂಧ್ರನಾಶಕ ಚುಚ್ಚುಮದ್ದನ್ನು ಹುಡುಕಿಕೊಂಡು ಬಂದವರನ್ನು ಹುಬ್ಬಳ್ಳಿಗೆ ಕಳಿಸುವುದೊಂದೇ ನಮಗಿದ್ದ ದಾರಿಯಾಗಿತ್ತು. ಆಗಿನಿಂದಲೂ ಒಂದು ಸಂಶಯ ಉಳಿದಿದೆ. ಸಾದಾ ಆಂಫೊಟೆರಿಸಿನ್ ಸೀಸೆಯ ಮೇಲೂ ಲೈಪೊಸೋಮಲ್ ಸೀಸೆಯ ಮೇಲೂ 50 ಮಿಲಿಗ್ರಾಂ ಎಂದೇ ಇರುತ್ತದೆ, ಆದರೆ ಎರಡನೆಯದರ ಬೆಲೆ ಹಲವು ಪಟ್ಟು ಹೆಚ್ಚು. ಧಾರವಾಡದಲ್ಲಿ ಎಂ.ಫಾರ್ಮ್ ಓದುತ್ತಿರುವ ನನ್ನ ಮಗಳು ಲೈಪೊಸೋಮಿನಂಥ ನ್ಯಾನೊಕಣಗಳ (ಔಷಧ ಒಯ್ಯುವ ಅತಿ ಸಣ್ಣ ಕಣಗಳ) ಮೇಲೆಯೇ ಪ್ರಬಂಧ ಮಾಡಬೇಕೆಂದಿದ್ದಾಳೆ. ಔಷಧ ಅದೇ, ಅದನ್ನು ಒಯ್ಯುವ ಕಣ ಮಾತ್ರ ಬೇರೆ ಎನ್ನುತ್ತಾಳೆ. ಬರಿಯ ಒಯ್ಯುವ ಕೆಲಸಕ್ಕೆ ಇಷ್ಟು ಹಣವೇಕೆ, ಒಂದು ಸಿಗದಿದ್ದಾಗ ಇನ್ನೊಂದನ್ನು ಅಷ್ಟೇ ಪ್ರಮಾಣದಲ್ಲಿ ಕೊಡಬಹುದೇ ಎಂಬುದನ್ನು ಬಲ್ಲವರು ತಿಳಿಸಬೇಕೆಂದು ವಿನಂತಿ.

ಉತ್ತರ – ಹುಬ್ಬಳ್ಳಿಯ ಆಸ್ಪತ್ರೆ ಫಾರ್ಮಸಿಸ್ಟ್

ತಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಅದು ಜೀವದ ಪ್ರಶ್ನೆ: ಕೊಡಕೂಡದು. ಲೈಪೊಸೋಮಲ್ ರೂಪವನ್ನು ಕಪ್ಪು ಶಿಲೀಂಧ್ರಕ್ಕೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 5 ಮಿಲಿಗ್ರಾಂ ಅಥವಾ ಅದಕ್ಕೂ ಹೆಚ್ಚು ಕೊಡುತ್ತಾರೆ. ಸಾದಾ ರೂಪ ದಿನಕ್ಕೆ ಕಿಲೋಗೆ 1.5 ಮಿಲಿಗ್ರಾಂ ದಾಟುವಂತೆಯೇ ಇಲ್ಲ. 60 ಕಿಲೋ ತೂಕದ ರೋಗಿಗೆ ಲೈಪೊಸೋಮಲ್ ಆರು ಸೀಸೆ ಬೇಕಾದಲ್ಲಿ ಸಾದಾ ಔಷಧದ ಆರು ಸೀಸೆ ಹೋದರೆ ಹೃದಯವೇ ನಿಲ್ಲಬಹುದು. ಚೀಟಿಯಲ್ಲಿ ಬರಿಯ ‘ಆಂಫೊಟೆರಿಸಿನ್’ ಎಂದಿದ್ದರೆ ವೈದ್ಯರಿಗೆ ಫೋನ್ ಮಾಡಿ ಕೇಳದೆ ಯಾವ ಸೀಸೆಯನ್ನೂ ಕೊಡಬೇಡಿ.

ಉತ್ತರ – ಧಾರವಾಡದ ಸಂಶೋಧಕಿ

ನಾನು ಔಷಧ ಒಯ್ಯುವ ನ್ಯಾನೊಕಣಗಳ ಮೇಲೆಯೇ ಕೆಲಸ ಮಾಡುತ್ತಿರುವುದರಿಂದ ‘ಬರಿಯ ಒಯ್ಯುವ ಕೆಲಸ’ ಎಂಬ ಮಾತನ್ನು ಒಪ್ಪಲಾರೆ. ಆಂಫೊಟೆರಿಸಿನ್ ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವಿಗೆ ಅಂಟಿ ಪೊರೆಯನ್ನು ಕೆಡಿಸುತ್ತದೆ. ನಮ್ಮ ಜೀವಕೋಶಗಳ ಪೊರೆಯಲ್ಲಿ ಅದೇ ಬಳಗದ ಕೊಲೆಸ್ಟೆರಾಲ್ ಇರುವುದರಿಂದ ಅಲ್ಲಿಯೂ ಸ್ವಲ್ಪ ಅಂಟುತ್ತದೆ, ಆ ಪೆಟ್ಟು ಹೆಚ್ಚಾಗಿ ಮೂತ್ರಪಿಂಡಕ್ಕೆ ಬೀಳುತ್ತದೆ. ಲೈಪೊಸೋಮ್ ಎಂದರೆ ಕೊಬ್ಬಿನ ಜೋಡಿ ಪದರದಿಂದಾದ ಪೊಳ್ಳು ಗೋಳ. ಈ ಔಷಧದ ಮಟ್ಟಿಗೆ ಅದರ ಗಾತ್ರ 100 ನ್ಯಾನೊಮೀಟರಿಗಿಂತ ಕಡಿಮೆ (ಒಂದು ನ್ಯಾನೊಮೀಟರ್ ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲು). ಔಷಧ ಪೊಳ್ಳಿನೊಳಗೆ ತುಂಬಿರುತ್ತದೆಂದು ಹಲವರು ತಿಳಿದಿದ್ದಾರೆ. ಕ್ಯಾನ್ಸರಿಗೆ ಕೊಡುವ ಡಾಕ್ಸೊರುಬಿಸಿನ್ ವಿಷಯದಲ್ಲಿ ಅದು ನಿಜ, ಆಂಫೊಟೆರಿಸಿನ್ ಮಾತ್ರ ಪೊರೆಯಲ್ಲೇ ಹೆಣೆದುಕೊಂಡಿರುತ್ತದೆ. ಹಾಗೆ ಬಿಗಿಯಾಗಿ ಕುಳಿತದ್ದು ರಕ್ತದಲ್ಲಿ ಸುತ್ತುವಾಗ ಅಷ್ಟು ಸುಲಭವಾಗಿ ಸೋರುವುದಿಲ್ಲ. ಕಣವು ಶಿಲೀಂಧ್ರದ ಗೋಡೆಗೆ ಅಂಟಿದ ಮೇಲೆ ಅಲ್ಲಿ ಬಿಡುಗಡೆಯಾಗುತ್ತದೆ. ಹೆಚ್ಚು ಪ್ರಮಾಣ ಕೊಟ್ಟರೂ ಮೂತ್ರಪಿಂಡ ತಾಳಿಕೊಳ್ಳುವುದು ಇದರಿಂದಲೇ.

ಕಣವನ್ನು ಮಾಡುವುದೇನೂ ದೊಡ್ಡ ವಿದ್ಯೆಯಲ್ಲ. ಕೊಬ್ಬನ್ನು ಕ್ಲೋರೊಫಾರ್ಮಿನಲ್ಲಿ ಕರಗಿಸಿ, ರೋಟರಿ ಇವ್ಯಾಪೊರೇಟರಿನಲ್ಲಿ ದ್ರಾವಕವನ್ನು ಹಾರಿಸಿ, ಗಾಜಿಗೆ ಹತ್ತಿದ ತೆಳುಪದರಕ್ಕೆ ನೀರು ಸೇರಿಸಿದರೆ ಗೋಳಗಳು ತಾವಾಗಿಯೇ ಕಟ್ಟಿಕೊಳ್ಳುತ್ತವೆ. ಆದರೆ ಒಂದು ಹಿರಿದು, ಒಂದು ಕಿರಿದು. ಅವನ್ನು ಸಮಗಾತ್ರಕ್ಕೆ ತರುವುದು, ಬಿಸಿ ತಾಗಿಸದೆ ಸೂಕ್ಷ್ಮಾಣುಗಳಿಂದ ಮುಕ್ತವಾಗಿಸುವುದು, ಕೆಡದಂತೆ ಒಣಗಿಸುವುದು, ಮುಂದಿನ ಬ್ಯಾಚನ್ನೂ ಹಿಂದಿನದರಂತೆಯೇ ತೆಗೆಯುವುದು, ಇಲ್ಲಿ ಹಣ ಹೋಗುತ್ತದೆ. ಗಾತ್ರ ಬದಲಾದರೆ ದೇಹದೊಳಗಿನ ದಾರಿಯೂ ಬದಲಾಗುತ್ತದೆ: ಸುಮಾರು 6 ನ್ಯಾನೊಮೀಟರಿಗಿಂತ ಚಿಕ್ಕ ಕಣಗಳನ್ನು ಮೂತ್ರಪಿಂಡ ಸೋಸಿ ಹೊರಹಾಕುತ್ತದೆ, 200 ದಾಟಿದವುಗಳನ್ನು ಗುಲ್ಮ, ಯಕೃತ್ತುಗಳು ಬೇಗ ಹಿಡಿದುಕೊಳ್ಳುತ್ತವೆ. ನ್ಯಾನೊ ಔಷಧಗಳ ಮೌಲ್ಯಮಾಪನಕ್ಕೆಂದೇ ಭಾರತ ಸರ್ಕಾರ 2019ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಹೊರಡಿಸಿದ್ದಕ್ಕೆ ಇಂಥ ಕಾರಣಗಳಿವೆ.

ತಮ್ಮ ಮಗಳಿಗೆ ಒಂದು ಮಾತು. ಪತ್ರಿಕೆಗಳು ನ್ಯಾನೊಕಣವನ್ನು ಕ್ಯಾನ್ಸರ್ ಗಡ್ಡೆಗೇ ಹೋಗಿ ನಾಟುವ ರಾಮಬಾಣವೆಂಬಂತೆ ಬರೆಯುತ್ತವೆ. ಹತ್ತು ವರ್ಷಗಳ ಪ್ರಾಣಿಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಚುಚ್ಚಿದ ಕಣಗಳ ಪೈಕಿ ಗಡ್ಡೆ ಸೇರಿದ್ದರ ಮಧ್ಯಾಂಕ ಕೇವಲ ಶೇ. 0.7 ಇತ್ತು. 1995ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಲೈಪೊಸೋಮಲ್ ಡಾಕ್ಸೊರುಬಿಸಿನ್ ನೆಲೆಯೂರಿದ್ದು ಮುಖ್ಯವಾಗಿ ಹೃದಯಕ್ಕಾಗುವ ಹಾನಿಯನ್ನು ತಗ್ಗಿಸಿದ್ದರಿಂದ. ಕಣದ ಗಾತ್ರ ಚಿಕ್ಕದಾಗಿ ಬಂದಿತೆಂದು ಪ್ರಬಂಧ ಮುಗಿಸುವ ರೂಢಿ ನಮ್ಮಲ್ಲಿ ಬೇರೂರಿದೆ. ತಮ್ಮ ಮಗಳು 37 ಡಿಗ್ರಿಯಲ್ಲಿ, ರಕ್ತದ ತಿಳಿದ್ರವವಾದ ಸೀರಮ್ಮಿನಲ್ಲಿ, ಕಣದಿಂದ ಔಷಧ ಎಷ್ಟು ಸೋರುತ್ತದೆಂಬುದನ್ನೂ ಅಳೆಯಲಿ.

ಗದಗದ ಔಷಧ ವ್ಯಾಪಾರಿ

ಇಬ್ಬರಿಗೂ ಧನ್ಯವಾದಗಳು. ಮಗಳಿಗೆ ಓದಲು ಕಳಿಸಿದ್ದೇನೆ. ಕರೆಂಟು ಹೋದಾಗ ಈ ಸೀಸೆಗಳನ್ನು ಫ್ರೀಜರಿಗೆ ಸರಿಸಿಡಬಹುದೇ?

ಹುಬ್ಬಳ್ಳಿಯ ಆಸ್ಪತ್ರೆ ಫಾರ್ಮಸಿಸ್ಟ್

ಬೇಡ. ದ್ರವರೂಪದಲ್ಲಿರುವುದು ಹೆಪ್ಪುಗಟ್ಟಿದರೆ ಮಂಜಿನ ಹರಳುಗಳು ಲೈಪೊಸೋಮಿನ ಪೊರೆಯನ್ನು ಹರಿಯಬಹುದು, ಆಗ ಹೊರಗೆ ಸೋರುವುದು ಸಾದಾ ಆಂಫೊಟೆರಿಸಿನ್. ಶೇಖರಣೆಯ ಉಷ್ಣತೆ ಕಂಪನಿಯಿಂದ ಕಂಪನಿಗೆ ಬೇರೆಯಿರುವುದರಿಂದ ಪೆಟ್ಟಿಗೆಯ ಮೇಲಿನ ಸೂಚನೆಯನ್ನೇ ಅನುಸರಿಸಿ; ಫ್ರಿಜ್ಜಿನಲ್ಲಿಡುವಂಥದ್ದಾದರೆ ಫ್ರೀಜರಿನ ಗೋಡೆಗೆ ತಾಗದ ನಡುವಿನ ಹಲಗೆಯಲ್ಲಿಡಿ.