ಪ್ರಾಥಮಿಕ ಆರೋಗ್ಯಕ್ಕೆ ದೇಶಗಳು ಮಾಡುವ ವೆಚ್ಚವನ್ನು ಅಳೆಯುವುದು ಹೇಗೆ?

ಪ್ರಶ್ನೆ – ಪ್ರೌಢಶಾಲಾ ಶಿಕ್ಷಕಿ, ಚಿಂತಾಮಣಿ

ನಮ್ಮ ತಾಯಿಯವರಿಗೆ ಬಿಪಿ ಇದೆ. ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತಪಾಸಣೆಯೂ ಮಾತ್ರೆಯೂ ಉಚಿತ. ಆದರೆ ಕಳೆದ ತಿಂಗಳು ಹದಿನೈದು ದಿನಕ್ಕಾಗುವಷ್ಟೇ ಮಾತ್ರೆ ಸಿಕ್ಕಿದ್ದರಿಂದ, ಉಳಿದದ್ದನ್ನು ಅದೇ ಚೀಟಿ ತೋರಿಸಿ ಮೆಡಿಕಲ್ ಸ್ಟೋರಿನಲ್ಲಿ 180 ರೂಪಾಯಿ ಕೊಟ್ಟು ತಂದೆ. ಒಂದು ದೇಶ ಪ್ರಾಥಮಿಕ ಆರೋಗ್ಯಕ್ಕೆ ಇಷ್ಟು ವೆಚ್ಚ ಮಾಡುತ್ತದೆ ಎಂದು ವರದಿಗಳಲ್ಲಿ ಬರುವ ಅಂಕಿಯೊಳಗೆ ಈ 180 ರೂಪಾಯಿ ಸೇರಿರುತ್ತದೆಯೇ? ಹತ್ತನೇ ತರಗತಿಯ ಮಕ್ಕಳಿಗೆ ತಿಳಿಸಿ ಹೇಳಬೇಕಾಗಿದೆ.

ಉತ್ತರ 1 – ನಿವೃತ್ತ ಲೆಕ್ಕಪತ್ರ ಅಧೀಕ್ಷಕ, ಕೋಲಾರ

ಮೇಡಂ, ಸೇರುತ್ತದೆ, ಆದರೆ ಪೂರ್ತಿಯಲ್ಲ. ದೇಶಗಳ ಆರೋಗ್ಯ ಲೆಕ್ಕಕ್ಕೆ 2011ರ ಅಂತರರಾಷ್ಟ್ರೀಯ ಚೌಕಟ್ಟೊಂದಿದ್ದು, ಅದು ಪ್ರತಿಯೊಂದು ರೂಪಾಯಿಯನ್ನೂ ಯಾರು ಕೊಟ್ಟರು, ಯಾರು ಸೇವೆ ನೀಡಿದರು, ಯಾವ ಸೇವೆಗಾಗಿ ಖರ್ಚಾಯಿತು ಎಂದು ಮೂರು ಬಗೆಯಲ್ಲಿ ವಿಂಗಡಿಸುತ್ತದೆ. ಅದರಲ್ಲಿ ‘ಪ್ರಾಥಮಿಕ ಆರೋಗ್ಯ’ ಎಂಬ ಬಾಬೇ ಇಲ್ಲ. ಆದ್ದರಿಂದ ವಿಶ್ವ ಆರೋಗ್ಯ ಸಂಸ್ಥೆಯು ಸಾಮಾನ್ಯ ಹೊರರೋಗಿ ಚಿಕಿತ್ಸೆ, ಹೊರರೋಗಿ ದಂತಚಿಕಿತ್ಸೆ, ಮನೆಯಲ್ಲೇ ನೀಡುವ ಚಿಕಿತ್ಸೆ, ಲಸಿಕೆಯಂತಹ ರೋಗತಡೆ ಕಾರ್ಯಗಳು ಮೊದಲಾದವನ್ನು ಕೂಡಿಸಿ, ಅದಕ್ಕೆ ಅಂಗಡಿಯಲ್ಲಿ ಕೊಂಡ ಔಷಧದ ಶೇ. 80ರಷ್ಟನ್ನೂ ಆಡಳಿತ ವೆಚ್ಚದ ಶೇ. 80ರಷ್ಟನ್ನೂ ಸೇರಿಸುತ್ತದೆ. ಅಂದರೆ ನಿಮ್ಮ 180ರಲ್ಲಿ 144 ರೂಪಾಯಿ ಒಳಗೆ, 36 ಹೊರಗೆ. ಈ ಶೇ. 80 ಎಂಬುದು ಎಲ್ಲ ದೇಶಗಳಿಗೂ ಒಂದೇ ಎಂದು ಹಿಡಿದಿರುವ ಅಂದಾಜು. ಯಾವ ಅಂಗಡಿಯ ಬಿಲ್ಲನ್ನೂ ನೋಡಿ ಬರೆದದ್ದಲ್ಲ.

ಉತ್ತರ 2 – ಅರ್ಥಶಾಸ್ತ್ರ ಉಪನ್ಯಾಸಕ, ತುಮಕೂರು

ಮೇಲಿನ ಉತ್ತರ ಸರಿಯಾಗಿದೆ. ಆದರೆ ಭಾರತದ ರಾಷ್ಟ್ರೀಯ ಆರೋಗ್ಯ ಲೆಕ್ಕವು ಸೇವೆಯ ಜೊತೆಗೆ ಸ್ಥಳವನ್ನೂ ನೋಡುತ್ತದೆ. ಉಪಕೇಂದ್ರ ಮತ್ತು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೆಚ್ಚದ ಬಹುಪಾಲು, ಅಲ್ಲಿ ಆಗುವ ಹೆರಿಗೆಯೂ ಸೇರಿ, ಪ್ರಾಥಮಿಕವೆಂದೇ ಎಣಿಕೆಯಾಗುತ್ತದೆ. ಆದ್ದರಿಂದ ನಮ್ಮ ಅಂಕಿಯನ್ನೂ ವಿಶ್ವ ಆರೋಗ್ಯ ಸಂಸ್ಥೆಯ ಅಂಕಿಯನ್ನೂ ಪಕ್ಕಪಕ್ಕ ಇಟ್ಟು ಹೋಲಿಸಬಾರದು. ನಮ್ಮ ಲೆಕ್ಕದ ಪ್ರಕಾರ ಸರ್ಕಾರದ ಆರೋಗ್ಯ ವೆಚ್ಚದಲ್ಲಿ ಪ್ರಾಥಮಿಕ ಸೇವೆಯ ಪಾಲು 2013–14ರಲ್ಲಿ ಶೇ. 51.3 ಇದ್ದದ್ದು 2019–20ರಲ್ಲಿ ಶೇ. 55.9 ಆಯಿತು. 2017ರ ರಾಷ್ಟ್ರೀಯ ಆರೋಗ್ಯ ನೀತಿ ಬಯಸಿದ್ದು ಮೂರನೇ ಎರಡು ಪಾಲು.

ನನ್ನನ್ನು ನಿಜವಾಗಿ ಕಾಡುವುದು ಬೇರೆ ವಿಷಯ. ಒಟ್ಟು ಅಂಕಿ ದೊಡ್ಡದಾಗಿದ್ದರೆ ಆ ದೇಶ ಪ್ರಾಥಮಿಕ ಆರೋಗ್ಯಕ್ಕೆ ಒತ್ತು ಕೊಟ್ಟಿದೆ ಎಂದು ಓದುವವರು ಬಹಳ. ಸರ್ಕಾರಿ ಕೇಂದ್ರದಲ್ಲಿ ಮಾತ್ರೆ ಮುಗಿದು ಜನ ಅಂಗಡಿಗೆ ಹೋದಷ್ಟೂ ಆ ಅಂಕಿ ಏರುತ್ತದೆ. ನಿಮ್ಮ ತಾಯಿಯವರ ಮಾತ್ರೆಯ ವಿಷಯದಲ್ಲಿ ಆದದ್ದೂ ಇದೇ. 2019–20ರಲ್ಲಿ ಭಾರತದ ಒಟ್ಟು ಆರೋಗ್ಯ ವೆಚ್ಚದ ಶೇ. 47.1ರಷ್ಟನ್ನು ಜನರೇ ಜೇಬಿನಿಂದ ಕೊಟ್ಟಿದ್ದರು. ಹೀಗಿರುವಾಗ ಸರ್ಕಾರ ಕೊಟ್ಟದ್ದನ್ನು ಬೇರ್ಪಡಿಸದೆ ಒಟ್ಟು ಮೊತ್ತವನ್ನು ಹೊಗಳುವುದು ತಪ್ಪು.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ದೇಶಗಳನ್ನು ಹೋಲಿಸುವಾಗ ಯಾವ ಸಾಲನ್ನು ನೋಡಬೇಕು?

ಉತ್ತರ 3 – ನಿವೃತ್ತ ಲೆಕ್ಕಪತ್ರ ಅಧೀಕ್ಷಕ, ಕೋಲಾರ

ವಿಶ್ವ ಆರೋಗ್ಯ ಸಂಸ್ಥೆಯ ವೆಚ್ಚ ದತ್ತಾಂಶದಲ್ಲಿ ಪ್ರಾಥಮಿಕ ಆರೋಗ್ಯ ವೆಚ್ಚದೊಳಗೆ ಸರ್ಕಾರದ ಪಾಲೆಷ್ಟು ಎಂಬ ಸಾಲು ಪ್ರತ್ಯೇಕವಾಗಿದೆ. ಅದನ್ನೂ ತಲಾ ವೆಚ್ಚವನ್ನೂ ಒಟ್ಟಿಗೆ ನೋಡಿ. ಮಕ್ಕಳಿಗೆ ತೋರಿಸುವಾಗ ಹಲಗೆಯ ಮೇಲೆ ಎರಡು ಕಲಂ ಎಳೆದು, ಕೇಂದ್ರ ಕೊಟ್ಟ ಹದಿನೈದು ದಿನದ ಮಾತ್ರೆಯನ್ನು ಒಂದರಲ್ಲಿ, ನಿಮ್ಮ 144 ರೂಪಾಯಿಯನ್ನು ಇನ್ನೊಂದರಲ್ಲಿ ಬರೆದರೆ ಸಾಕು.