ಮಕ್ಕಳ ಸಂಗೀತ: ಇವತ್ತು ಟೀಚರನ್ನು ಕೇಳಿ

ಟೀಚರ್: ಮೂರರಿಂದ ಆರು ವರ್ಷದವರಿಗೆ ಆಟ, ಓಡಾಟದಲ್ಲೇ ಸಂಗೀತ ಕಲಿಸುತ್ತೇನೆ. ಸಂಜೆ ತನಕ ಇರುತ್ತೇನೆ, ಕೇಳಿ.

ಅವಳಿ ಅಮ್ಮ: ಮೇಡಂ, ಮಗನಿಗೆ ಮೂರು. ಹಾಡಿಗಿಂತ ಮುಂದೆ ಓಡುತ್ತಾನೆ. ತಾಳಜ್ಞಾನ ಇಲ್ವಾ?

ಟೀಚರ್: ಇದೆ. ಚಿಕ್ಕ ಮಕ್ಕಳ ಸಹಜ ವೇಗ ನಮ್ಮದಕ್ಕಿಂತ ಜಾಸ್ತಿ. ಮೊದಲು ಅವನು ನಡೆಯಲಿ, ಆ ಹೆಜ್ಜೆಗೆ ನೀವು ಡೋಲು ಬಾರಿಸಿ. ನಿಮ್ಮ ವೇಗಕ್ಕೆ ಬರುವುದು ಆಮೇಲೆ.

ಎಡಗೈ ಪೋರಿ: ಮಗಳು ಎಡಗೈಯಲ್ಲೇ ಬಾರಿಸುತ್ತಾಳೆ. ಬಲಗೈ ರೂಢಿ ಮಾಡಿಸಬೇಕಾ?

ಹೊಸ ಅಪ್ಪ: ಕೀಬೋರ್ಡ್ ಯಾವ ವಯಸ್ಸಿಗೆ ಕೊಡಿಸಬಹುದು?

ಟೀಚರ್: ಅವಸರ ಬೇಡ. ಮೊದಲು ಹಾಡಲಿ, ಕುಣಿಯಲಿ.

ಪುಟ್ಟಿ ಅಪ್ಪ: ಮಗಳಿಗೆ ನಾಲ್ಕೂವರೆ. ಹಾಡು ನಿಂತಾಗ ನಿಲ್ಲುವ ಆಟದಲ್ಲಿ ಎಲ್ಲರಿಗಿಂತ ತಡವಾಗಿ ನಿಲ್ಲುತ್ತಾಳೆ. ಪಕ್ಕದವರನ್ನು ನೋಡಿ ಹೆಜ್ಜೆ ಹಾಕುತ್ತಾಳೆ. ಕ್ಲಾಸಿನಲ್ಲಿ ಗಮನ ಇಲ್ಲ ಅಂತಾರೆ. ಎರಡು ತಿಂಗಳಿಂದ ನೆಗಡಿ ಬಿಟ್ಟಿಲ್ಲ, ಅದು ಬೇರೆ.

ಟೀಚರ್: ಬೇರೆ ಅಲ್ಲದೆಯೂ ಇರಬಹುದು ಸರ್. ನನ್ನ ಕ್ಲಾಸಿನಲ್ಲಿ ಹೀಗೇ ಒಬ್ಬ ಹುಡುಗ ಇದ್ದ. ಎಲ್ಲರ ಜೊತೆ ನಡೆದರೆ ಅರ್ಧ ಹೆಜ್ಜೆ ಹಿಂದೆ. ಒಂದು ದಿನ ದೊಡ್ಡ ಡೋಲಿನ ಪಕ್ಕ ಕೂತು ಅದರ ಹೊಟ್ಟೆಗೆ ಅಂಗೈ ಒತ್ತಿಕೊಂಡ. ಇನ್ನೊಂದು ಕೈ ತೊಡೆಯ ಮೇಲೆ ಒಂದೂ ತಪ್ಪದೆ ಬೀಳುತ್ತಿತ್ತು! ತಾಳ ಇತ್ತು, ಸದ್ದು ಸರಿಯಾಗಿ ತಲುಪುತ್ತಿರಲಿಲ್ಲ. ಕಿವಿತಮಟೆಯ ಹಿಂದೆ ನೀರು ತುಂಬಿಕೊಂಡಿತ್ತು. ನೆಗಡಿ ಆದ ಮಕ್ಕಳಲ್ಲಿ ಇದು ಅಪರೂಪವಲ್ಲ, ನೋವೂ ಇರದೆ ಇರಬಹುದು, ಅದಕ್ಕೇ ದೊಡ್ಡವರು ಹಟ ಅಂತಲೋ ಗಮನ ಇಲ್ಲ ಅಂತಲೋ ಬೈದು ಸುಮ್ಮನಾಗುತ್ತಾರೆ. ಮನೆಯಲ್ಲಿ ಅವಳು ನಿಮಗೆ ಬೆನ್ನು ಮಾಡಿ ನಡೆಯಲಿ, ನೀವು ಮೆಲ್ಲಗೆ ಡೋಲು ಬಾರಿಸಿ ಥಟ್ಟನೆ ನಿಲ್ಲಿಸಿ. ನಿಂತರೂ ನಿಲ್ಲದಿದ್ದರೂ ಇದು ಪರೀಕ್ಷೆಯಲ್ಲ, ಕಿವಿ ಡಾಕ್ಟರಿಗೆ ತೋರಿಸಲೇಬೇಕು. ಕೇಳುವಿಕೆಯ ಪರೀಕ್ಷೆ, ಜೊತೆಗೆ ಟಿಂಪನೋಮೆಟ್ರಿ ಕೇಳಿ. ಗಾಳಿಯ ಒತ್ತಡಕ್ಕೆ ಕಿವಿತಮಟೆ ಅಲ್ಲಾಡುತ್ತದಾ ಅಂತ ನೋಡುತ್ತಾರೆ. ಬಹಳ ಮಕ್ಕಳಿಗೆ ಮೂರು ತಿಂಗಳೊಳಗೆ ತಾನೇ ಸರಿಹೋಗುತ್ತದೆ. ಆದರೆ ಕಾಯಬಹುದು ಅಂತ ಹೇಳಬೇಕಾದವರು ಡಾಕ್ಟರು, ನಾನಲ್ಲ.

ತಬಲಾ ಅಂಕಲ್: ಫಾರ್ವರ್ಡ್ ಬಂದಿದೆ. ರಾತ್ರಿ ಕಿವಿಗೆ ಬೆಚ್ಚಗಿನ ಎಣ್ಣೆ ಬಿಟ್ಟರೆ ಎಲ್ಲಾ ಕರಗುತ್ತದೆ.

ಟೀಚರ್: ಅಂಕಲ್, ನೀರು ತಮಟೆಯ ಹಿಂದೆ. ಎಣ್ಣೆ ಅಲ್ಲಿಗೆ ಹೋಗುವುದೇ ಇಲ್ಲ. ತಮಟೆ ತೂತಾಗಿದ್ದರೆ ಹೋಗುತ್ತದೆ, ಅದು ಇನ್ನೂ ಅಪಾಯ. ದಯವಿಟ್ಟು ಡಿಲೀಟ್ ಮಾಡಿ.

ಹೊಸ ಅಪ್ಪ: ಮಲಗಿದ ಮಗುವಿಗೆ ಮೊಜಾರ್ಟ್ ಕೇಳಿಸಿದರೆ ಬುದ್ಧಿ ಹೆಚ್ಚುತ್ತದಂತೆ?

ಟೀಚರ್: ಆ ಮಾತು ಶುರುವಾದ 1993ರ ಅಧ್ಯಯನದಲ್ಲಿ ಇದ್ದವರು 36 ಕಾಲೇಜು ವಿದ್ಯಾರ್ಥಿಗಳು. ಕಾಗದ ಮಡಚಿ ಕತ್ತರಿಸಿದರೆ ಹೇಗೆ ಕಾಣುತ್ತದೆ ಅಂತ ಊಹಿಸುವಂಥ ಲೆಕ್ಕದಲ್ಲಿ ಸ್ವಲ್ಪ ಚುರುಕಾದರು, ಕಾಲು ಗಂಟೆಯಲ್ಲಿ ಅದೂ ಇಳಿಯಿತು. ಅದರಲ್ಲಿ ಒಂದು ಮಗುವೂ ಇರಲಿಲ್ಲ.

ತಬಲಾ ಅಂಕಲ್: ಡಿಲೀಟ್ ಮಾಡಿದೆ. ಆದರೂ ಹೇಳುತ್ತೇನೆ, ಕೂತು ಕಲಿಯಬೇಕು. ಕುಣಿಸುವುದು ಸಂಗೀತವಾ?

ಪಿಯಾನೋ ಅಕ್ಕ: ಸ್ವಿಸ್ ಸಂಗೀತ ಶಿಕ್ಷಕ ಡಾಲ್ಕ್ರೋಜ್ ಜಿನೀವಾದಲ್ಲಿ ಪಾಠ ಮಾಡುವಾಗ ಕಂಡದ್ದು ಇದನ್ನೇ. ದೊಡ್ಡ ವಿದ್ಯಾರ್ಥಿಗಳು ಸ್ವರ ಬರೆಯುತ್ತಿದ್ದರು, ಲಯ ಮಾತ್ರ ಮೈಗೆ ಇಳಿದಿರಲಿಲ್ಲ. ಅದಕ್ಕೇ ಅವರನ್ನು ಲಯಕ್ಕೆ ಹೆಜ್ಜೆ ಹಾಕಿ ನಡೆಸಿದರು.

ತಬಲಾ ಅಂಕಲ್: ನಲವತ್ತು ವರ್ಷ ಬಾರಿಸಿದ್ದೇನಮ್ಮ. ಯಾರೂ ನಡೆಸಲಿಲ್ಲ.

ಪಿಯಾನೋ ಅಕ್ಕ: ಬಾರಿಸುವಾಗ ತಲೆ ಅಲ್ಲಾಡಿಸುವುದಿಲ್ವಾ? ಅದೇನು?

ತಬಲಾ ಅಂಕಲ್: ನನ್ನ ತಲೆಗೆ ಬರಬೇಡಿ.

ಎಡಗೈ ಪೋರಿ: ನನ್ನ ಪ್ರಶ್ನೆ ಮೇಲೆ ಹೋಗಿಬಿಟ್ಟಿದೆ.

ಅವಳಿ ಅಮ್ಮ: ಕೀಬೋರ್ಡ್ ಯಾವ ವಯಸ್ಸಿಗೆ ಮೇಡಂ?

ಟೀಚರ್: ಮೇಲೆ ಓದಿ.

ಅವಳಿ ಅಮ್ಮ: ಕೇಳಿದ್ದೇ ತಪ್ಪಾಯ್ತಾ? ಸರಿ, ತಾಳದ ಆ್ಯಪ್ ಆದರೂ ಹಾಕಲಾ?

ಟೀಚರ್: ಬೇಡ. ನೀವೇ ಎದುರು ಕೂತು ಬಾರಿಸಿ. ಮನುಷ್ಯರ ಜೊತೆಯಾದರೆ ಪುಟ್ಟ ಮಕ್ಕಳು ತಾಳ ಚೆನ್ನಾಗಿ ಹಿಡಿಯುತ್ತಾರೆ.

ಪುಟ್ಟಿ ಅಪ್ಪ: ಮೇಡಂ, ಈಗ ಮಾಡಿ ನೋಡಿದೆ. ನಾನು ನಿಲ್ಲಿಸಿದ ಮೇಲೂ ನಡೆಯುತ್ತಲೇ ಇದ್ದಳು. ಗೋಡೆ ಮೇಲೆ ನನ್ನ ಕೈಯ ನೆರಳು ನಿಂತದ್ದು ಕಂಡಾಗ ನಿಂತಳು. ನಾಳೆಗೆ ಅಪಾಯಿಂಟ್‌ಮೆಂಟ್ ಸಿಕ್ಕಿದೆ.

ಟೀಚರ್: ಒಳ್ಳೇದಾಯ್ತು. ಎರಡೂ ಕಿವಿ ಬೇರೆ ಬೇರೆಯಾಗಿ ನೋಡಲು ಹೇಳಿ. ಅಲ್ಲಿ ತನಕ ಕ್ಲಾಸಿನಲ್ಲಿ ಡೋಲಿನ ಪಕ್ಕವೇ ನಿಲ್ಲಿಸಲಿ, ಮುಖ ನೋಡಿ ಮಾತಾಡಲಿ. ರಿಪೋರ್ಟ್ ಮಾತ್ರ ಇಲ್ಲಿ ಹಾಕಬೇಡಿ, ನನಗೆ ಕಳಿಸಿ. ಹಾಕಿದರೆ ಮತ್ತೆ ಎಣ್ಣೆ ಶುರುವಾಗುತ್ತದೆ.